ಕಣ್ಣು ಬಿಟ್ಟು ನೋಡುವಂಥ ಒಂದು ಮುಖ

ಚಾಮರಾಜಪೇಟೆಯ ಮಹಾನಂದನಿಗೆ ಮನುಷ್ಯರ ಮುಖ ಕಂಡರೆ ಆಗುತ್ತಿರಲಿಲ್ಲ. ಅನ್ನ ಹಾಕುತ್ತಿದ್ದುದು ಆ ಮುಖಗಳೇ, ಆದರೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಎದುರಿನವರನ್ನು ಬಿಟ್ಟ ಕಣ್ಣು ಬಿಟ್ಟಹಾಗೆ ನೋಡುವುದು, ಆಮೇಲೆ ಪಕ್ಕದಲ್ಲಿದ್ದ ಹೆಂಡತಿ ಯಶೋಧರಾಳ ಕಿವಿಯಲ್ಲಿ, "ನೋಡು, ಆ ಮನುಷ್ಯಂಗೆ ಗದ್ದ ಅನ್ನೋದೇ ಇಲ್ಲ. ಕೆಳತುಟಿಯಿಂದ ಸೀದಾ ಕಾಲರ್‌ಗೇ ಇಳಿದ್ಬಿಟ್ಟಿದೆ" ಅನ್ನುವುದು. ಕಿವಿಯಲ್ಲಿ ಅಂದರೆ, ಡ್ರೈವರಿಗೂ ಕೇಳುವಷ್ಟು. ಯಶೋಧರಾ ವಾರ್ಡ್ ಆಫೀಸಿನಲ್ಲಿ ಗುಮಾಸ್ತೆ, ಊರಿನವರ ಮುಖವನ್ನೆಲ್ಲ ನೋಡಿ ನಗಬೇಕಾದ ಕೆಲಸ ಆಕೆಯದು. ಎದ್ದು ಮುಂದಿನ ಹೆಂಗಸರ ಸೀಟಿಗೆ ಹೋಗಿ ಕೂತುಬಿಡುತ್ತಿದ್ದಳು.

ಮಹಾನಂದನ ಕಸುಬು ಸಿನಿಮಾದ್ದು. ಬಣ್ಣ ಹಚ್ಚುವ ಮೇಕಪ್‌ಮ್ಯಾನ್ ಅಂತ ಯಾರಾದರೂ ಅಂದರೆ ಅವನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಪೌಡರು ಬಳಿಯುವವರು ಬೇರೆ, ತಾನು ಬೇರೆ. ನಟನ ಮುಖದ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಪ್ಲಾಸ್ಟರ್ ಹುಯ್ದು, ಬಂದ ಪ್ಲಾಸ್ಟರ್ ಮುಖದ ಮೇಲೆ ಜೇಡಿಮಣ್ಣಿನಲ್ಲಿ ಬೇಕಾದ ಗಾಯವನ್ನೋ ಸುಕ್ಕನ್ನೋ ತಿದ್ದಿ, ಅದನ್ನು ಸಿಲಿಕೋನಿನಲ್ಲಿ ಎರಕ ಹುಯ್ದರೆ ಒಂದು ಸುಳ್ಳು ಚರ್ಮ ಸಿಗುತ್ತದೆ. ಅದನ್ನು ನಟನ ಚರ್ಮದ ಮೇಲೆ ಅಂಟಿಸಿ, ಎಲ್ಲಿ ನಿಜ ಮುಗಿಯಿತು ಎಲ್ಲಿ ಸುಳ್ಳು ಶುರುವಾಯಿತು ಅಂತ ಹೆತ್ತ ತಾಯಿಗೂ ತಿಳಿಯದ ಹಾಗೆ ಮಾಡುವುದು ಅವನ ವಿದ್ಯೆ. ಈ ವಿದ್ಯೆಯನ್ನು ಕನ್ನಡ ಚಿತ್ರರಂಗ ಯಾತಕ್ಕೆ ಬಳಸಿಕೊಂಡಿತು ಅಂತೀರಿ? ಕತ್ತರಿಸಿದ ಕೈಗೆ, ಒಡೆದ ತಲೆಗೆ, ಆಚೆ ಬಂದ ಕರುಳಿಗೆ.

ವಿದ್ಯೆ ಬಂದದ್ದು ಅಪ್ಪನಿಂದ. ಅಪ್ಪ ಆಂಜಿನಯ್ಯ ಕೋಟೆ ಹತ್ತಿರದ ಗಲ್ಲಿಯೊಂದರಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದ. ಬೊಚ್ಚುಬಾಯಿಯ ಅಳತೆ ತೆಗೆಯಲು ಡಾಕ್ಟರುಗಳು ಒಂದು ಗುಲಾಬಿ ಪುಡಿ ಬಳಸುತ್ತಾರೆ. ನೀರಲ್ಲಿ ಕಲಸಿ ಬಾಯಿಗೆ ತುರುಕಿದರೆ ಚಿಟಿಕೆಯಲ್ಲಿ ರಬ್ಬರಿನಂತೆ ಗಟ್ಟಿಯಾಗಿ, ಒಸಡಿನ ಗೆರೆಗೆರೆಯನ್ನೂ ಹಿಡಿದುಬಿಡುತ್ತದೆ. ದವಡೆ ಹಿಡಿಯುವ ಪುಡಿ ಇಡೀ ಮುಖವನ್ನು ಯಾಕೆ ಹಿಡಿಯಬಾರದು ಅಂತ ಮಹಾನಂದನಿಗೆ ಅನ್ನಿಸಿದ್ದು ಕಾಲೇಜಿಗೆ ಚಕ್ಕರ್ ಹೊಡೆಯುತ್ತಿದ್ದ ದಿನಗಳಲ್ಲಿ. ಅನ್ನಿಸಿದ ತಕ್ಷಣ ಎದುರು ಮನೆಯ ಗೆಳೆಯ ಅಮರ್‌ನನ್ನು ಹಿಡಿದು ಹಿತ್ತಲಲ್ಲಿ ಮಲಗಿಸಿದ. ಪುಡಿ ಸಾಲಲಿಲ್ಲ. ಹಣೆಯ ಮೇಲೆ ಸೀದಾ ಪ್ಲಾಸ್ಟರ್ ಹುಯ್ದ. ಹುಬ್ಬಿಗೆ ವ್ಯಾಸಲೀನು ಬಳಿಯಬೇಕು ಅನ್ನುವುದು ಆಗ ಗೊತ್ತಿರಲಿಲ್ಲ. ಅಚ್ಚು ಎತ್ತಿದಾಗ ಎರಡು ಹುಬ್ಬೂ ಅದರ ಜೊತೆ ಎದ್ದುಬಂದವು. ಮಾರನೆಯ ಭಾನುವಾರ ಅಮರ್ ಹೆಣ್ಣು ನೋಡಲು ಹೋಗಬೇಕಿತ್ತು. ಅವನ ತಂಗಿ ಯಶೋಧರಾ ಕಾಡಿಗೆಯಲ್ಲಿ ಹುಬ್ಬು ಬರೆದು ಕಳಿಸಿದಳು. ಕಾಫಿ ಕುಡಿಯುತ್ತ ಅವನು ಹಣೆಯ ಬೆವರು ಒರೆಸಿಕೊಂಡ, ಸಂಬಂಧ ಅಲ್ಲಿಗೆ ಮುರಿಯಿತು. ಬಯ್ಯಲು ಬಂದ ಯಶೋಧರಾ ಪ್ಲಾಸ್ಟರಿನಲ್ಲಿ ಮೂಡಿದ್ದ ಅಣ್ಣನ ಮುಖ ನೋಡಿ ಬೈಗುಳ ಮರೆತಳು. ಮುಂದೆ ಮಹಾನಂದನನ್ನೇ ಮದುವೆಯಾದಳು. ಅಮರ್ ಇವತ್ತಿಗೂ ಭಾವನನ್ನು ಪೂರ್ತಿ ಕ್ಷಮಿಸಿಲ್ಲ.

ಅಲ್ಲಿಂದ ಮುಂದೆ ಗಾಂಧಿನಗರದ ಸಿನಿಮಾ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದದ್ದೇ ಇಳಿದದ್ದು. ಡೈರೆಕ್ಟರುಗಳೆಂಬ ಆ ಜನರ ಬುದ್ಧಿಯನ್ನು ಏನಂತ ಹೊಗಳೋಣ! ಚಾಕು ಹಾಕಿದ ಗಾಯ ಹೇಗಿರುತ್ತದೆ ಅಂತ ಮಹಾನಂದ ಆಸ್ಪತ್ರೆಗಳಲ್ಲಿ ನಿಂತು ನೋಡಿ, ಅಂಚು ಒಳಕ್ಕೆ ಮಡಚಿದ, ಅಷ್ಟೇನೂ ರಕ್ತವಿಲ್ಲದ ಗಾಯ ಮಾಡಿಕೊಂಡು ಹೋದರೆ, "ಏನ್ ಗುರು, ಸೊಳ್ಳೆ ಕಚ್ಚಿದಂಗಿದೆ, ಇನ್ನೊಂದು ಬಕೆಟ್ ರಕ್ತ ಹಾಕು" ಅನ್ನುವವರು. ಇವನು ನಾಕು ವಾರ ಕೂತು ಕೂದಲೊಂದೊಂದೇ ಚುಚ್ಚಿ ಮಾಡಿದ ರುಂಡವನ್ನು ಕ್ಯಾಮೆರಾ ಅರೆ ಕ್ಷಣ ತೋರಿಸಿ, ಅದರ ಮೇಲೆ ಟೊಮೇಟೊ ಗೊಜ್ಜಿನಂಥದ್ದು ಸುರಿದು, ಹೊಗೆ ಬಿಟ್ಟು ಮುಚ್ಚುತ್ತಿತ್ತು. ಥೂ, ಇವರ ಜನ್ಮಕ್ಕೆ ಅಂದುಕೊಂಡು ಮನೆಗೆ ಬಂದು, ಮಾರನೆಯ ದಿನ ಮತ್ತೆ ಹೋಗುತ್ತಿದ್ದ. ಹೋಗದೆ ಇರಲು ಬರುತ್ತಿರಲಿಲ್ಲ.

ಇನ್ನು ನಟರು. ಅಚ್ಚು ತೆಗೆಯುವಾಗ ಮುಖವೆಲ್ಲ ಮುಚ್ಚಿ, ಮೂಗಿನ ಎರಡು ಹೊಳ್ಳೆ ಮಾತ್ರ ಬಿಟ್ಟಿರುತ್ತಾರೆ. ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಅಲ್ಲಾಡುವ ಹಾಗಿಲ್ಲ. ಆ ಕತ್ತಲೆಯಲ್ಲಿ ಮನುಷ್ಯನ ಯೋಗ್ಯತೆ ಆಚೆ ಬರುತ್ತದೆ ಅನ್ನುವುದು ಮಹಾನಂದನ ಸಿದ್ಧಾಂತ. ಪರದೆಯ ಮೇಲೆ ಊರಿಗೆ ಊರೇ ಸುಡುವ ಖಳನಾಯಕನೊಬ್ಬ ಇವನ ಕೈಯನ್ನು ಬಿಗಿಯಾಗಿ ಹಿಡಿದು ಬಿಕ್ಕಿದ್ದ. ಪ್ರೇಮಗೀತೆಗಳ ರಾಜಕುಮಾರ ಒಬ್ಬ ಲುಂಗಿ ಒದ್ದೆ ಮಾಡಿಕೊಂಡಿದ್ದ. ಹೆಂಗಸರೇ ವಾಸಿ, ಸುಮ್ಮನೆ ಮಲಗಿ ಎದ್ದು ಹೋಗುತ್ತಿದ್ದರು. ಮನೆಯ ಹಿಂದಿನ ಶೆಡ್ಡಿನ ಗೋಡೆಗೆ ಈ ಮುಖಗಳನ್ನೆಲ್ಲ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ್ದ ಮಹಾನಂದ, ಬೆಳಿಗ್ಗೆ ಶೆಡ್ಡು ಗುಡಿಸುವಾಗ ಒಂದೊಂದಕ್ಕೂ ಒಂದೊಂದು ಬೈಗುಳ ಹೇಳಿಯೇ ಮುಂದೆ ಹೋಗುತ್ತಿದ್ದ.

ಇಷ್ಟು ಬಾಯಿಯಿದ್ದವನನ್ನು ಒಂದೇ ಮಾತಲ್ಲಿ ಸುಮ್ಮನಾಗಿಸುವ ಶಕ್ತಿ ಇದ್ದದ್ದು ಅವನ ತಾಯಿ ಅಂಜಮ್ಮನಿಗೆ. ಮಗ ಕೆಲಸ ಮಾಡಿದ ಪ್ರತಿ ಸಿನಿಮಾಕ್ಕೂ ಆಕೆ ಒಳ್ಳೆ ಸೀರೆ ಉಟ್ಟು, ಹೂ ಮುಡಿದು ಹೋಗುತ್ತಿದ್ದಳು. ಆದರೆ ರಕ್ತ ಕಂಡರೆ ಆಕೆಗೆ ತಲೆ ಸುತ್ತು. ಪರದೆಯ ಮೇಲೆ ಚಾಕು ಮೇಲೆದ್ದರೆ ಸಾಕು, ಸೆರಗು ಮುಖಕ್ಕೆ. "ಮುಗೀತಾ?" ಅಂತ ಸೊಸೆಯನ್ನು ಕೇಳಿಯೇ ಸೆರಗು ಇಳಿಸುವುದು. ಆಚೆ ಬಂದ ಮೇಲೆ, "ಚೆನ್ನಾಗಿತ್ತು ಕಣೋ. ಆದ್ರೆ ನಿನ್ ಕೆಲ್ಸ ಬಂದಾಗೆಲ್ಲ ಕಣ್ ಮುಚ್ಕೊಂಡೆ" ಅನ್ನುವಳು. ಮೂವತ್ತು ವರ್ಷದ ಕಸುಬಿನಲ್ಲಿ ಮಗ ಏನು ಮಾಡುತ್ತಾನೆ ಅಂತ ತಾಯಿ ಒಂದು ಸಲವೂ ಕಂಡಿರಲಿಲ್ಲ. ಈಗ ಆಕೆಗೆ ಎಂಬತ್ತರ ಹತ್ತಿರ, ಕಣ್ಣೂ ಮಂಜಾಗುತ್ತ ಬಂದಿತ್ತು. ಅಮ್ಮ ಕಣ್ಣು ಬಿಟ್ಟು ನೋಡುವಂಥ ಒಂದೇ ಒಂದು ಮುಖ ಮಾಡಿಬಿಡಬೇಕು, ಅದು ಪರದೆ ತುಂಬ ಬರಬೇಕು, ಆಮೇಲೆ ಈ ದರಿದ್ರ ಚಿತ್ರರಂಗ ಹಾಳಾಗಿ ಹೋದರೂ ಚಿಂತೆಯಿಲ್ಲ ಅಂತ ಮಹಾನಂದ ಯಶೋಧರಾಳ ಹತ್ತಿರ ಮಾತ್ರ ಹೇಳಿಕೊಂಡಿದ್ದ. ಅವನು ವ್ಯಂಗ್ಯವಿಲ್ಲದೆ ಆಡುತ್ತಿದ್ದ ಮಾತು ಅದೊಂದೇ.

ಹೀಗಿರುವಾಗ ಕುಮಾರ ಪಾರ್ಕಿನ ಒಂದು ಸಿನಿಮಾ ಆಫೀಸಿನಿಂದ ಕರೆ ಬಂತು. ಡೈರೆಕ್ಟರ್ ನಿಶಾಂತ್, ಹೊಸ ಹುಡುಗ, ಸ್ವಲ್ಪ ಓದಿಕೊಂಡವನು. ನಾಯಕ ‘ಗುಡುಗುಸಿಂಹ’ ಅಭಿರಾಮ. ಮನೆಯಲ್ಲಿ ಇಟ್ಟ ಹೆಸರು ಸಿದ್ದಬಸಪ್ಪ. ಐವತ್ತೆಂಟು ದಾಟಿದ್ದರೂ ಈಗಲೂ ಕಾಲೇಜು ಹುಡುಗನ ಪಾತ್ರದಲ್ಲಿ ಪುಸ್ತಕ ಹಿಡಿದು ಓಡುವ ಮಹಾನುಭಾವ. ಈ ಸಿನಿಮಾದಲ್ಲಿ ಅವನಿಗೆ ಎಂಬತ್ತು ವರ್ಷದ ಮೇಷ್ಟರ ಪಾತ್ರ. ಗುದ್ದಾಟವಿಲ್ಲ, ರಕ್ತವಿಲ್ಲ. ಮೊದಲಿಂದ ಕೊನೆಯವರೆಗೆ ಒಂದು ಮುದಿ ಮುಖ.

"ಸಾರ್, ಮುಖದ್ ತುಂಬ ವಯಸ್ಸು ಕಾಣ್ಬೇಕು. ನಿಮ್ಮನ್ನ ಬಿಟ್ರೆ ನಮ್ಮೂರಲ್ಲಿ ಯಾರೂ ಇಲ್ಲ ಅಂದ್ರು" ಅಂದ ನಿಶಾಂತ್.

ಅವತ್ತು ಮಹಾನಂದ ಮನೆಗೆ ಬರುವಾಗ ದಾರಿಯಲ್ಲಿ ಯಾರ ಮುಖವನ್ನೂ ಬೈಯಲಿಲ್ಲ. ಅಮ್ಮನ ಎದುರು ಕೂತು, "ಈ ಸಲ ಸೆರಗಿನ ಕೆಲ್ಸ ಇಲ್ಲಮ್ಮ" ಅಂದ.

ಅಚ್ಚು ತೆಗೆಯುವ ದಿನ ಅಭಿರಾಮ ಬಂದದ್ದು ನಾಲ್ಕು ಕಾರುಗಳಲ್ಲಿ. ಒಂದರಲ್ಲಿ ತಾನು, ಮಿಕ್ಕ ಮೂರರಲ್ಲಿ ‘ಅಣ್ಣಾ ಅಣ್ಣಾ’ ಅನ್ನುವ ಜನ. ಚಾಮರಾಜಪೇಟೆಯ ಆ ಕಿರಿದಾದ ರಸ್ತೆ ಕಟ್ಟಿಹೋಯಿತು. ಅಭಿರಾಮ ಸೀನಿದರೂ ಅಂಗೈ ಒಡ್ಡುವ ಮ್ಯಾನೇಜರ್ ಶೀನಣ್ಣ ಶೆಡ್ಡಿನೊಳಗೆ ಬಂದು ಊದುಬತ್ತಿ ಹಚ್ಚಿದ. ತಲೆಯ ವಿಗ್ಗು ತೆಗೆಯದೆ ಅಚ್ಚು ಬರುವುದಿಲ್ಲ ಅಂತ ಮಹಾನಂದ ಹೇಳಿದಾಗ ಅಣ್ಣನ ಜನರೆಲ್ಲ ತಲೆತಗ್ಗಿಸಿ ನೆಲ ನೋಡತೊಡಗಿದರು. ವಿಗ್ಗು ಅನ್ನುವ ಶಬ್ದವನ್ನು ಆ ಬಳಗದಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಉಚ್ಚರಿಸಿರಲಿಲ್ಲವಂತೆ. ಶೀನಣ್ಣ ಎಲ್ಲರನ್ನೂ ಆಚೆಗೆ ದಬ್ಬಿ, ತಾನೂ ಗೋಡೆಯ ಕಡೆ ತಿರುಗಿ ನಿಂತ. ಗುಡುಗುಸಿಂಹ ವಿಗ್ಗು ಕಳಚಿ ಮಡಿಲಲ್ಲಿಟ್ಟುಕೊಂಡ. ಅಚ್ಚು ಗಟ್ಟಿಯಾಗುವಷ್ಟು ಹೊತ್ತೂ ಅದನ್ನು ಸವರುತ್ತಲೇ ಇದ್ದ.

ಒಣಗಿದ ಪ್ಲಾಸ್ಟರ್ ಮುಖ ನೋಡಿದಾಗ ಮಾತ್ರ ಅವನ ಮುಖ ಗಂಟಾಯಿತು.

"ಏನ್ರೀ ಮಹಾನಂದ, ಇದು ಯಾರದ್ದು?"

"ನಿಮ್ದೇ ಸಾರ್."

"ಗದ್ದದ್ ಕೆಳಗೆ ಇಷ್ಟ್ ಜೋತುಬಿದ್ದಿದೆ? ನಂಗೆಲ್ಲಿದೆ ಇದು?"

"ಗದ್ದದ್ ಕೆಳಗೇ ಸಾರ್."

ಶೀನಣ್ಣ ಗಂಟಲಲ್ಲಿ ಏನೋ ಸಿಕ್ಕಿಕೊಂಡವನಂತೆ ಕೆಮ್ಮಿದ. ಉಜ್ಜಿ ಸಣ್ಣ ಮಾಡಿ ಅಂತ ಅಪ್ಪಣೆಯಾಯಿತು. ಉಜ್ಜಿದರೆ ಅದರ ಮೇಲೆ ಮಾಡಿದ ಚರ್ಮ ಈ ಮುಖಕ್ಕೆ ಕೂರುವುದಿಲ್ಲ, ಅಂಚೆಲ್ಲ ಎದ್ದು ನಿಲ್ಲುತ್ತದೆ ಅಂತ ಮಹಾನಂದ ವಿವರಿಸಿದ. ಗೊಣಗುತ್ತ ಹೊರಟುಹೋದರು. ಅವರು ಹೋದ ಮೇಲೆ ಮಹಾನಂದ ಆ ಪ್ಲಾಸ್ಟರ್ ಮುಖದ ಎದುರು ಕೂತು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಕೆಲಸ ಶುರು. ಆ ಕೆಲಸದ ಹೊತ್ತಿನಲ್ಲಿ ಮಹಾನಂದ ಬೇರೆಯೇ ಮನುಷ್ಯ. ಮುದುಕರ ಮುಖ ನೋಡಲೆಂದೇ ಬಸವನಗುಡಿಯ ಪಾರ್ಕುಗಳ ಬೆಂಚುಗಳಲ್ಲಿ ಹೋಗಿ ಕೂರುತ್ತಿದ್ದ. ವಯಸ್ಸು ಕಾಣುವುದು ಸುಕ್ಕಿನಲ್ಲಲ್ಲ, ಕಣ್ಣಿನ ಕೆಳರೆಪ್ಪೆ ಸಡಿಲವಾಗುವುದರಲ್ಲಿ, ಕಿವಿಯ ಹಾಲೆ ಉದ್ದವಾಗುವುದರಲ್ಲಿ, ಮೇಲ್ತುಟಿ ತೆಳ್ಳಗಾಗಿ ಒಳಕ್ಕೆ ಹೋಗುವುದರಲ್ಲಿ ಅಂತ ಯಶೋಧರಾಗೆ ಊಟದ ನಡುವೆ ಪಾಠ ಹೇಳುತ್ತಿದ್ದ. ಯಾರ ಮುಖವನ್ನೂ ಆಡಿಕೊಳ್ಳದೆ ಇಷ್ಟು ಹೊತ್ತು ಗಂಡ ಮಾತಾಡಿದ್ದನ್ನು ಯಶೋಧರಾ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಸಾರು ಆರಿಹೋಗುತ್ತಿದ್ದರೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಎಲ್ಲ ಸಿದ್ಧವಾಗಿ, ಪರೀಕ್ಷೆಗೆ ಒಂದು ದಿನ ಗೊತ್ತುಮಾಡುವಾಗ ಅಭಿರಾಮನ ತಲೆಗೆ ಒಂದು ಹುಳ ಹೊಕ್ಕಿತು. ಅವನ ಹುಟ್ಟುಹಬ್ಬ ಬರುತ್ತಿತ್ತು. ಗಾಂಧಿ ಬಜಾರಿನ ಮೂಲೆಯಲ್ಲಿ ತ್ಯಾಗರಾಜನಗರದ ಅಭಿಮಾನಿ ಸಂಘದವರು ಪ್ರತಿ ವರ್ಷದಂತೆ ಆಳೆತ್ತರವಲ್ಲ, ಮರದೆತ್ತರದ ಕಟೌಟ್ ನಿಲ್ಲಿಸಿ, ಹಾರ ಹಾಕಿ, ಕೇಸರಿಬಾತ್ ಹಂಚುವವರು.

"ಅವತ್ತೇ ಹಾಕಿ ಮೇಕಪ್ಪು. ನಾನೇ ಹೋಗಿ ಅವ್ರ ಮಧ್ಯ ನಿಂತ್ಕೋತೀನಿ. ಗೋಣಿಚೀಲ ಹೊದ್ಕೊಂಡು ಹೋದ್ರೂ ನನ್ ಜನ ನನ್ನ ಗುರ್ತು ಹಿಡೀತಾರೆ, ಗೊತ್ತಾ?" ಅಂದ ಅಭಿರಾಮ.

"ಅಣ್ಣಾ, ಸೂಪರ್!" ಅಂದ ಶೀನಣ್ಣ.

ಗುರುತು ಹಿಡಿದರೆ ಮೇಕಪ್ ಸೋತಿತು. ಹಿಡಿಯದಿದ್ದರೆ ಅಣ್ಣ ಸೋತ. ಎರಡರಲ್ಲಿ ಯಾವುದಾದರೂ ಏಟು ಬೀಳುವುದು ಮಹಾನಂದನಿಗೇ. ಇದು ನಿಶಾಂತನಿಗೆ ಹೊಳೆದು, ಹುಡುಗ ಬೆವತುಹೋದ. ಆಚೆ ಕರೆದು ಪಿಸುಗುಟ್ಟಿದ: "ಸಾರ್, ಒಂದ್ ಕೆಲ್ಸ ಮಾಡಿ. ಅಣ್ಣನ ಎಡಗೆನ್ನೆ ಮೇಲಿನ ಮಚ್ಚೆ ಇದೆಯಲ್ಲ, ಅದೊಂದನ್ನ ಹಾಗೇ ಬಿಟ್ಬಿಡಿ. ಅದನ್ ನೋಡಿದ್ರೆ ಸಾಕು, ಯಾರಾದ್ರೂ ಒಬ್ಬ ಅಣ್ಣಾ ಅಂತಾನೆ. ಎಲ್ರಿಗೂ ನೆಮ್ಮದಿ." ಆ ಮಚ್ಚೆ ಜಗತ್ಪ್ರಸಿದ್ಧ. ಅಭಿಮಾನಿಗಳು ತಮ್ಮ ಕೆನ್ನೆಗೂ ಪೆನ್ಸಿಲಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಮನೆಯಲ್ಲಿ ಯಶೋಧರಾಳೂ ಅದನ್ನೇ ಹೇಳಿದಳು. "ಒಂದ್ ಮಚ್ಚೆ ತಾನೇ? ಬಿಡ್ರಿ. ಸಿನಿಮಾ ಮುಗೀಲಿ, ಅತ್ತೆ ನೋಡ್ಲಿ. ಆಮೇಲೆ ನಿಮ್ ಸ್ವಾಭಿಮಾನಾನ ಆ ಶೆಡ್ಡಿನ ಗೋಡೆಗೆ ನೇತುಹಾಕ್ಕೊಳ್ಳಿ."

"ಎಂಬತ್ ವರ್ಷದ ಚರ್ಮದಲ್ಲಿ ಅಷ್ಟು ಕಪ್ಪಗೆ ಮಚ್ಚೆ ನಿಲ್ಲಲ್ಲ ಕಣೇ."

"ಅದು ಯಾರಿಗ್ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ. ಆ ಗುಡುಗುಸಿಂಹನ ಕೊಬ್ಬಿಗೋಸ್ಕರ ನಾನ್ ಕಿತ್ತೋಗಿರೋ ಕೆಲ್ಸ ಮಾಡ್ಲಾ?"

ಯಶೋಧರಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹುಟ್ಟುಹಬ್ಬದ ಬೆಳಿಗ್ಗೆ ಬುಲ್ ಟೆಂಪಲ್ ರಸ್ತೆಯ ಆಸುಪಾಸಿನ ಒಂದು ಹಳೇ ಬಂಗಲೆಯಲ್ಲಿ ಅಭಿರಾಮನನ್ನು ಕೂರಿಸಿ, ಮಹಾನಂದ ಮಚ್ಚೆಯನ್ನು ಸಿಲಿಕೋನಿನ ಕೆಳಗೆ ಹೂತುಹಾಕಿದ.

ಬಿಸಿಲೇರುವ ಹೊತ್ತಿಗೆ ಬಂಗಲೆಯ ಗೇಟಿನಿಂದ ಒಬ್ಬ ಮುದುಕ ಆಚೆ ಬಂದ. ಮಾಸಿದ ಪಂಚೆ, ಅರ್ಧ ತೋಳಿನ ಅಂಗಿ, ಕೈಯಲ್ಲಿ ಊರುಗೋಲು. ಹಿಂದೆ ದೂರದಲ್ಲಿ ನಿಶಾಂತ್, ಶೀನಣ್ಣ, ಮಹಾನಂದ. ಮುದುಕ ಮೊದಲು ಒಂದು ದರ್ಶಿನಿಗೆ ನುಗ್ಗಿ, ಸಾಲು ನೋಡದೆ ನೇರ ಕೌಂಟರಿಗೆ ಹೋಗಿ ನಿಂತ. ಅಭ್ಯಾಸ ಬಲ. "ತಾತ, ಟೋಕನ್ ತಗೊಂಡ್ ಬನ್ನಿ. ಹಿಂದಿದಾರೆ ನೋಡಿ" ಅಂದ ಕೌಂಟರಿನವನು, ತಲೆಯೆತ್ತದೆ. ಮುದುಕ ಗದ್ದ ಎತ್ತಿ ಅವನನ್ನು ದಿಟ್ಟಿಸಿದ. ಆ ನೋಟಕ್ಕೆ ಸಿನಿಮಾದಲ್ಲಿ ಹತ್ತು ಜನ ರೌಡಿಗಳು ಹಿಂದೆ ಸರಿಯುತ್ತಾರೆ. ಇಲ್ಲಿ ಇಡ್ಲಿ ತಟ್ಟೆ ಹಿಡಿದಿದ್ದ ಯಾವುದೋ ಹುಡುಗಿ, "ತಾತಂಗೆ ಕಿವಿ ಕೇಳ್ಸಲ್ಲ ಅನ್ಸುತ್ತೆ" ಅಂತ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ನಿಲ್ಲಿಸಿದಳು.

ದರ್ಶಿನಿ ಬಿಟ್ಟು ಮುದುಕ ಕಟೌಟಿನ ಕಡೆ ಹೊರಟ. ಊರುಗೋಲು ಮರೆತು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎದೆಯುಬ್ಬಿಸಿಕೊಂಡು. ಹೂವಿನ ಅಂಗಡಿಗಳ ಮುಂದೆ ಡೋಲು ಬಡಿಯುತ್ತಿತ್ತು, ಪಟಾಕಿ ಸರ ಸಿಡಿಯುತ್ತಿತ್ತು. ಮುದುಕ ಗುಂಪನ್ನು ಸೀಳಿಕೊಂಡು ಹೋಗಿ ತನ್ನದೇ ಕಟೌಟಿನ ಕಾಲ ಬಳಿ ನಿಂತು, ತಿರುಗಿ, ಎರಡೂ ಕೈ ಅಗಲಿಸಿದ.

"ತಾತಾ, ಪಕ್ಕಕ್ ಬನ್ನಿ, ಅಣ್ಣನ ಕಾಲಿಗ್ ಅಡ್ಡ ಬರ್ತಿದೀರ! ಫೋಟೋ ತೆಗೀತಿದಾರೆ" ಅಂದ ಸಂಘದ ಹುಡುಗನೊಬ್ಬ. ಅವನ ಎಡಗೆನ್ನೆಯ ಮೇಲೆ ಪೆನ್ಸಿಲಿನ ಮಚ್ಚೆ ಇತ್ತು. ಇನ್ನೊಬ್ಬ ದೊನ್ನೆಯಲ್ಲಿ ಕೇಸರಿಬಾತ್ ತಂದು ಮುದುಕನ ಕೈಗಿಟ್ಟ. "ತಿನ್ನಿ ತಾತ. ಅಣ್ಣ ನೂರ್ ವರ್ಷ ಬಾಳ್ಲಿ ಅಂತ ಹರಸಿ."

ಮುದುಕನಿಗೆ ತಡೆಯಲಾಗಲಿಲ್ಲ. "ಲೇ! ನಾನ್ ಕಣ್ರೋ! ಗುಡುಗುಸಿಂಹ!" ಅಂತ ಗುಡುಗಿದ.

ಒಂದು ಕ್ಷಣ ಡೋಲು ನಿಂತಿತು. ಆಮೇಲೆ ಗುಂಪಿಗೆ ಗುಂಪೇ ಹೋ ಅಂತ ನಕ್ಕು ಶಿಳ್ಳೆ ಹಾಕಿತು.

"ಮಚ್ಚಾ, ತಾತ ಮಿಮಿಕ್ರಿ ಮಾಡ್ತಾರೆ ಕಣೋ!"

"ಇನ್ನೊಂದ್ಸಲ ತಾತ, ಇನ್ನೊಂದ್ಸಲ! ವಿಡಿಯೋ ಮಾಡ್ಕೋತೀನಿ!"

ಮಚ್ಚೆಯ ಹುಡುಗ ಮಾತ್ರ ಗಂಭೀರವಾಗಿ ತಲೆಯಾಡಿಸಿದ. "ಪರ್ವಾಗಿಲ್ಲ ತಾತ. ಆದ್ರೆ ನಮ್ಮಣ್ಣನ ವಾಯ್ಸಲ್ಲಿ ಇನ್ನೂ ಪವರ್ ಇದೆ. ಸ್ವಲ್ಪ ಪ್ರಾಕ್ಟೀಸ್ ಮಾಡಿ."

ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ ಮಹಾನಂದನ ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ಅವನಿಗೆ ತನ್ನ ಮದುವೆಯಲ್ಲೂ ಆಗಿರಲಿಲ್ಲ. ಹಗಲು ಬೆಳಕಿನಲ್ಲಿ, ಮೊಳದ ದೂರದಲ್ಲಿ, ಅಭಿರಾಮನ ಫೋಟೋವನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಮಲಗುವ ಜನ ಅವನನ್ನು ಗುರುತಿಸಲಿಲ್ಲ. ತಾತ ಅಂದರು. ಕೇಸರಿಬಾತ್ ಕೊಟ್ಟರು! ಪಕ್ಕದಲ್ಲಿ ಶೀನಣ್ಣ ‘ಅಯ್ಯೋ ಶಿವನೇ’ ಅಂತ ಎದೆ ಹಿಡಿದುಕೊಂಡದ್ದು ಅವನ ಕಿವಿಗೇ ಬೀಳಲಿಲ್ಲ.

ಕಾರಿನೊಳಗೆ ತಂದು ಕೂರಿಸುವ ಹೊತ್ತಿಗೆ ಅಭಿರಾಮ ಮುಖವನ್ನು ಕಿತ್ತುಕೊಳ್ಳುತ್ತಿದ್ದ. ಕೆನ್ನೆಯ ಚರ್ಮ ಹರಿದು ಕೈಗೆ ಬಂತು, ಮೂಗಿನದು ಕಾಲ ಬಳಿ ಬಿತ್ತು.

"ಇದ್ರಲ್ಲಿ ನಾನೆಲ್ಲಿದೀನ್ರೀ? ಹೇಳಿ, ನಾನೆಲ್ಲಿ? ಯಾವನೋ ಮುದುಕನ್ನ ತಂದು ನನ್ನ ಮೇಲೆ ಕೂರಿಸಿದೀರ!"

"ಪಾತ್ರ ಮುದುಕಂದೇ ಸಾರ್" ಅಂದ ಮಹಾನಂದ.

"ನನ್ನ ಜನ ನನ್ನೇ ತಳ್ಳಿದ್ರು! ಥೇಟರ್‌ಗೆ ಅವ್ರು ಬರೋದು ನನ್ನ ನೋಡೋಕೆ, ನಿಮ್ ಮುದುಕನ್ನಲ್ಲ. ನಿಶಾಂತ್, ಇದೆಲ್ಲ ಬೇಡ. ಒಂದ್ ಬಿಳೀ ಗಡ್ಡ, ಒಂದ್ ಕನ್ನಡಕ. ಆಯ್ತು ಎಂಬತ್ತು. ಮಚ್ಚೆ ಚೆನ್ನಾಗ್ ಕಾಣ್ಬೇಕು."

ನಿಶಾಂತ್ ಕಿಟಕಿಯ ಆಚೆ ನೋಡುತ್ತ, "ಆಯ್ತಣ್ಣ" ಅಂದ. ಓದಿಕೊಂಡ ಹುಡುಗನ ಬೆನ್ನುಮೂಳೆ ಅಷ್ಟರಲ್ಲೇ ಕರಗಿತ್ತು. ಬೆಳಿಗ್ಗೆಯಿಂದ ತೆಗೆದ ಫೋಟೋಗಳನ್ನು ಶೀನಣ್ಣ ಎಲ್ಲರ ಫೋನಿನಿಂದಲೂ ಅಲ್ಲೇ ಅಳಿಸಿಹಾಕಿಸಿದ. ಗಡ್ಡ ಅಂಟಿಸೋಕೆ ಮಹಾನಂದನೇ ಇರಲಿ ಅಂತ ದೊಡ್ಡ ಮನಸ್ಸು ಮಾಡಿ ಅಭಿರಾಮ ಹೇಳಿದಾಗ, ಮಹಾನಂದ ಕಾರಿನ ಬಾಗಿಲು ತೆಗೆದ.

"ನಿಮ್ಗೆ ನಾನ್ ಯಾಕ್ ಸಾರ್? ಸಂಕ್ರಾಂತಿ ಸ್ಕೂಲ್ ನಾಟಕಕ್ಕೆ ಮಕ್ಕಳಿಗೆ ಹತ್ತಿ ಅಂಟಿಸ್ತಾರಲ್ಲ, ಆ ಟೀಚರಮ್ಮನ್ನ ಕರ್ಸ್ಕೊಳ್ಳಿ" ಅಂದು ಇಳಿದು, ತನ್ನ ಡಬ್ಬ ತೆಗೆದುಕೊಂಡು ನಡೆದುಬಿಟ್ಟ. ಚಾಮರಾಜಪೇಟೆಯವರೆಗೆ ನಡೆದೇ ಹೋದ. ದಾರಿಯುದ್ದಕ್ಕೂ ತನ್ನ ಉತ್ತರವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ಖುಷಿಪಟ್ಟ.

ಮನೆಯಲ್ಲಿ ಆ ಖುಷಿ ಉಳಿಯಲಿಲ್ಲ. ಕಥೆಯೆಲ್ಲ ಕೇಳಿ ಯಶೋಧರಾ, ಮಿಮಿಕ್ರಿಯ ಭಾಗಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಮಚ್ಚೆ ಬಿಟ್ಟಿದ್ರೆ ಅತ್ತೆ ನೋಡ್ತಿದ್ರು" ಅಂದಳು. ಅಷ್ಟೇ ಅಂದದ್ದು.

ಮಹಾನಂದ ಶೆಡ್ಡಿಗೆ ಹೋಗಿ ಅಚ್ಚಿನಲ್ಲಿ ಮತ್ತೊಂದು ಮುಖ ಎರಕ ಹುಯ್ದ. ಬಣ್ಣ ಕೊಟ್ಟು, ಅಮ್ಮನ ಮುಂದೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಹಿಂದೆ ಮುಖವಿಲ್ಲದ ಆ ಚರ್ಮ ಅವನ ಬೆರಳುಗಳ ಮೇಲೆ ಜೋಲುತ್ತಿತ್ತು. ಅಂಜಮ್ಮ ಒಂದು ಸಲ ನೋಡಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಅಯ್ಯಯ್ಯೋ, ಯಾರ್ ಚರ್ಮನೋ ಅದು! ಆಚೆ ಇಡೋ, ಕೈಮುಗೀತೀನಿ!"

ಹೇಗೆ ಹೇಳುವುದು? ಅದು ಒಂದು ಉಸಿರಾಡುವ ಮುಖದ ಮೇಲೆ ಕೂತರೆ ಮಾತ್ರ ಮುಖ. ಬೇರೆ ಯಾವ ಮುಖಕ್ಕೂ ಅದು ಕೂರುವುದಿಲ್ಲ. ಗೋಡೆಯ ಮೇಲಿನ ಸಾಲಿನಲ್ಲಿದ್ದ ಗುಡುಗುಸಿಂಹನನ್ನು ಬೈಯಲು ಹೋದ ಮಹಾನಂದ, ಬೈಯದೆಯೇ ದೀಪ ಆರಿಸಿ ಬಂದ.

ಸಿನಿಮಾ ಬಿಡುಗಡೆಯಾಯಿತು. ಹೋಗುವುದಿಲ್ಲ ಅಂತ ಮಹಾನಂದ ಹಟ ಹಿಡಿದ. ಆದರೆ ಅಂಜಮ್ಮ ಆಗಲೇ ಸೀರೆ ಉಟ್ಟು ಕೂತಿದ್ದಳು. ಮಗ ಆ ಕೆಲಸ ಬಿಟ್ಟದ್ದನ್ನು ಆಕೆಗೆ ಯಾರೂ ಹೇಳಿರಲಿಲ್ಲ, ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. "ಈ ಸಲ ಸೆರಗಿನ ಕೆಲ್ಸ ಇಲ್ಲ ಅಂದಿದ್ಯಲ್ಲೋ" ಅಂತ ಆಕೆ ಜ್ಞಾಪಿಸಿದಳು. ಅಮರ್ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ್ದ.

ತನ್ನ ಹೆಸರಂತೂ ಇರುವುದಿಲ್ಲ ಅಂತ ಮಹಾನಂದನಿಗೆ ಖಾತ್ರಿಯಿತ್ತು. ಕತ್ತಲಾಗಿ ಹೆಸರುಗಳು ಬರತೊಡಗಿದವು. ಛಾಯಾಗ್ರಹಣ ಹೋಯಿತು, ಸಂಕಲನ ಹೋಯಿತು. ಆಮೇಲೆ ಪರದೆಯ ತುಂಬ, ಬೇರೆ ಯಾರ ಹೆಸರೂ ಜೊತೆಗಿಲ್ಲದೆ: ‘ವೃದ್ಧಾಪ್ಯದ ಮುಖ ವಿನ್ಯಾಸ: ಮಹಾನಂದ’. ಅವನು ಎದ್ದು ಹೋದದ್ದು, ಉಗಿದು ಹೋದದ್ದು, ಚಾಮರಾಜಪೇಟೆಯವರೆಗೆ ತಲೆಯೆತ್ತಿ ನಡೆದದ್ದು, ಯಾವುದೂ ಆ ಜನಕ್ಕೆ ನೆನಪಿನಲ್ಲಿಟ್ಟುಕೊಳ್ಳುವಷ್ಟು ದೊಡ್ಡ ವಿಷಯವಾಗಿರಲಿಲ್ಲ. ಮೊದಲೇ ಬರೆಸಿಟ್ಟಿದ್ದ ಹೆಸರನ್ನು ತೆಗೆಯುವ ತೊಂದರೆಯನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಅಮರ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಯಶೋಧರಾ ಗಂಡನ ಕೈ ಹಿಡಿದುಕೊಂಡಳು.

ಆಮೇಲೆ ಮೇಷ್ಟರು ಬಂದರು. ಗದ್ದಕ್ಕೆ ಒಂದು ಹಿಡಿ ಬಿಳೀ ಗಡ್ಡ, ಹುಬ್ಬಿಗೆ ಸುಣ್ಣ, ಕೆನ್ನೆ ಮಾತ್ರ ಕಾಲೇಜು ಹುಡುಗನ ಥಳಥಳ. ಎಡಗೆನ್ನೆಯಲ್ಲಿ ಮಚ್ಚೆ. ಥಿಯೇಟರಿನ ಛಾವಣಿ ಹಾರಿಹೋಗುವಂತೆ ಕೇಕೆ, ಚಿಂದಿ ಕಾಗದದ ಮಳೆ. ಮೇಷ್ಟರು ಬಾಯಿ ತೆರೆದಾಗಲೆಲ್ಲ ಗಡ್ಡದ ಒಂದು ಅಂಚು ಕಿವಿಯ ಹತ್ತಿರ ಎದ್ದು ಮತ್ತೆ ಕೂರುತ್ತಿತ್ತು. ಅಂಟು ಕೂಡ ನೆಟ್ಟಗೆ ಹಚ್ಚಿಲ್ಲ, ಮುಟ್ಠಾಳರು. ಮಹಾನಂದನ ಗಂಟಲಿಗೆ ಅಷ್ಟೂ ಬೈಗುಳ ಒಟ್ಟಿಗೆ ಬಂದವು. ಆಗ ಪಕ್ಕಕ್ಕೆ ತಿರುಗಿದ.

ಅಂಜಮ್ಮ ಮುಂದಿನ ಸೀಟಿನ ಬೆನ್ನು ಹಿಡಿದು, ಕುತ್ತಿಗೆ ಮುಂದೆ ಚಾಚಿ ನೋಡುತ್ತಿದ್ದಳು. ಸೆರಗು ಹೆಗಲ ಮೇಲೇ ಇತ್ತು. ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ.

"ಎಷ್ಟ್ ಲಕ್ಷಣವಾಗಿದೆಯೋ ಮುಖ!" ಅಂದಳು, ಕಣ್ಣು ತೆಗೆಯದೆ. "ಇಷ್ಟ್ ದಿನ ಕಣ್ ಮುಚ್ಕೊಂಡು ಏನೆಲ್ಲ ಕಳ್ಕೊಂಡ್ಬಿಟ್ನೋ ನಾನು. ಅದೆಲ್ಲ ನೀನೇ ಮಾಡಿದ್ದಾ ಮಗಾ? ಆ ಗಡ್ಡಾನೂ?"

ಪಕ್ಕದಲ್ಲಿ ಯಶೋಧರಾ ಗಂಡನ ಕಡೆ ತಿರುಗಿದಳು.

"ಹೂಂ ಅಮ್ಮ" ಅಂದ ಮಹಾನಂದ. "ಗಡ್ಡಾನೂ ನಾನೇ ಮಾಡಿದ್ದು."